ಧರ್ಮಗುರುವಾಗದೆ ಫುಟ್‌ಬಾಲ್ ಗುರುವಾದ ಜಿಮ್ಮಿ ಹೋಗನ್



ಆದಿತ್ಯವಾರ ಪೂಜೆ ಮುಗಿದ ಮೇಲೆ ನಮ್ಮ ಇಗರ್ಜಿಯ ಮೈದಾನದಲ್ಲಿ ಸೆವೆನ್ಸ್ ಆಡುವ ಹುಡುಗರನ್ನು ಒಳ್ಳೆಯ ಕೋಚ್ ಯಾರು ಎಂದು ಕೇಳಿದರೆ ಗ್ವಾರ್ಡಿಯೋಲಾ, ಮೊರಿನ್ಯೋ, ಕ್ಲಾಪ್ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಜಿಮ್ಮಿ ಹೋಗನ್ ಎಂದರೆ ಒಬ್ಬರಿಗೂ ಗೊತ್ತಿಲ್ಲ. ಎರಡು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ಹಂಗೇರಿ, ಆಸ್ಟ್ರಿಯಾ, ಜರ್ಮನಿಯವರು ತಮ್ಮ ಫುಟ್‌ಬಾಲಿನ ತಂದೆ ಎಂದು ಕರೆಯುವಷ್ಟು ದೊಡ್ಡವರು, ನಮ್ಮ ಹಾಗೆ ಕಥೋಲಿಕ ಮನೆಯಲ್ಲಿ ಹುಟ್ಟಿ ಬೆಳೆದವರು. ಅವರ ಕಥೆಯನ್ನು ಈ ಸಲ ಹೇಳುತ್ತೇನೆ.

ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ನೆಲ್ಸನ್ ಎಂಬ ಪಟ್ಟಣದಲ್ಲಿ 1882ರ ಅಕ್ಟೋಬರ್ 16ರಂದು ಜಿಮ್ಮಿ ಹುಟ್ಟಿದರು. ಐರಿಷ್ ಮೂಲದ ಕುಟುಂಬ. ಸುತ್ತಲೂ ಹತ್ತಿಯ ಗಿರಣಿಗಳು. ಮಗ ಧರ್ಮಗುರುವಾಗಲಿ ಎಂಬುದು ಮನೆಯವರ ಆಸೆ. ಅದಕ್ಕಾಗಿ ಮ್ಯಾಂಚೆಸ್ಟರಿನ ಸೇಂಟ್ ಬೀಡ್ಸ್ ಕಾಲೇಜಿನ ಹಾಸ್ಟೆಲಿಗೆ ಕಳುಹಿಸಿದರು. ಹುಡುಗ ಓದಿನಲ್ಲಿ ಹಿಂದೆ ಬೀಳಲಿಲ್ಲ, ಶಾಲೆಯ ನಾಯಕನೂ ಆದ. ಆದರೆ ತನಗೆ ಆ ಕರೆ ಇಲ್ಲ ಎಂದು ತಿಳಿದುಕೊಂಡು ಮನೆಗೆ ಮರಳಿದ. ಆಮೇಲೆ ಹಿಡಿದದ್ದು ಫುಟ್‌ಬಾಲನ್ನು. ನೆಲ್ಸನ್, ಬರ್ನ್ಲಿ, ಫುಲ್ಹಮ್, ಸ್ವಿಂಡನ್, ಬೋಲ್ಟನ್ ತಂಡಗಳಿಗೆ ಆಡಿದರು. ಒಳ್ಳೆಯ ಆಟಗಾರರೇ, ಆದರೆ ಊರೂರು ಮಾತಾಡುವಷ್ಟು ದೊಡ್ಡ ಆಟಗಾರರಲ್ಲ.

ಬರ್ನ್ಲಿಯಲ್ಲಿ ನಡೆದ ಒಂದು ಸಣ್ಣ ಸಂಗತಿ ಅವರ ದಾರಿಯನ್ನು ತಿರುಗಿಸಿತು. ಒಂದು ಪಂದ್ಯದಲ್ಲಿ ಎದುರಾಳಿಗಳನ್ನು ದಾಟಿ ಗೋಲಿನ ಹತ್ತಿರ ಹೋಗಿ ಹೊಡೆದ ಚೆಂಡು ಅಡ್ಡಕಂಬದ ಮೇಲಿಂದ ಹಾರಿಹೋಯಿತು. ಪಂದ್ಯ ಮುಗಿದ ಮೇಲೆ ಅವರು ಮ್ಯಾನೇಜರ್ ಬಳಿ ಹೋಗಿ ಕೇಳಿದರು: ತಪ್ಪು ಎಲ್ಲಿ ಆಯಿತು, ಪಾದ ಇಟ್ಟ ರೀತಿ ಸರಿ ಇರಲಿಲ್ಲವೇ, ಮೈಯ ತೂಕ ತಪ್ಪಿತೇ? ಮ್ಯಾನೇಜರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಸುಮ್ಮನೆ ಹೊಡೆಯುತ್ತಿರು, ಹತ್ತರಲ್ಲಿ ಒಂದು ಒಳಗೆ ಹೋದರೆ ಸಾಕು ಎಂದು ಕಳುಹಿಸಿಬಿಟ್ಟರು. ಉಳಿದ ಒಂಬತ್ತು ಯಾಕೆ ಹೋಗುವುದಿಲ್ಲ ಎಂದು ಹೋಗನ್ ಆ ದಿನದಿಂದ ತಾವೇ ಯೋಚಿಸತೊಡಗಿದರು. ಮೂರು ವರ್ಷ ಲ್ಯಾಬಿನಲ್ಲಿ ಲೋಲಕ ತೂಗಿಸಿ ಬಿಎಸ್ಸಿ ಮುಗಿಸಿದ ನನಗೆ ಅವರ ಜೀವನದಲ್ಲಿ ಅತ್ಯಂತ ಇಷ್ಟವಾದ ಗಳಿಗೆ ಇದೇ. ಆಗಿನ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಕಲಿಸುವ ವಿಷಯ ಎಂದು ಯಾರೂ ನಂಬಿರಲಿಲ್ಲ. ಆಟಗಾರರು ಮೈದಾನ ಸುತ್ತಿ ಓಡುವುದೇ ತರಬೇತಿ. ವಾರವಿಡೀ ಚೆಂಡು ಕೊಡದಿದ್ದರೆ ಶನಿವಾರ ಚೆಂಡಿನ ಹಸಿವು ಇರುತ್ತದೆ ಎಂಬುದು ಅವರ ಲೆಕ್ಕ! ಇಡೀ ವಾರ ಪುಸ್ತಕ ಮುಟ್ಟದೆ ಪರೀಕ್ಷೆಗೆ ಹೋದಂತೆ.

ಬೋಲ್ಟನ್ ತಂಡ ಹಾಲೆಂಡಿಗೆ ಪ್ರವಾಸ ಹೋದಾಗ ಡೋರ್ಡ್ರೆಖ್ಟ್ ಎಂಬ ಊರಿನ ತಂಡವನ್ನು 10-0ರಿಂದ ಸೋಲಿಸಿತು. ಗೆದ್ದವರು ನಗುತ್ತಾ ಮರಳಿದರು. ಹೋಗನ್ ಮಾತ್ರ ಒಂದು ದಿನ ಇಲ್ಲಿಗೆ ಮರಳಿ ಬಂದು ಇವರಿಗೆ ಆಟ ಕಲಿಸಬೇಕು ಎಂದುಕೊಂಡರು. 1910ರಲ್ಲಿ ಅದೇ ಡೋರ್ಡ್ರೆಖ್ಟ್‌ಗೆ ಕೋಚ್ ಆಗಿ ಹೋದರು. ಆಗ ಅವರಿಗೆ ಇನ್ನೂ 28 ತುಂಬಿರಲಿಲ್ಲ. ಅವರ ಆಟಗಾರರಲ್ಲಿ ಅನೇಕರು ವಿದ್ಯಾರ್ಥಿಗಳು. ಕರಿಹಲಗೆಯ ಮೇಲೆ ಗೆರೆ ಎಳೆದು ಯಾರು ಎಲ್ಲಿ ನಿಲ್ಲಬೇಕು, ಚೆಂಡನ್ನು ನೆಲಕ್ಕೆ ಹತ್ತಿರವಾಗಿ ಹೇಗೆ ದಾಟಿಸಬೇಕು ಎಂದು ಕಲಿಸಿದರು. ಆ ಅಕ್ಟೋಬರಿನಲ್ಲಿ ಒಂದು ಪಂದ್ಯಕ್ಕೆ ಹಾಲೆಂಡಿನ ರಾಷ್ಟ್ರೀಯ ತಂಡವನ್ನೂ ನೋಡಿಕೊಂಡರು. ಜರ್ಮನಿಯ ಎದುರು 2-1ರ ಗೆಲುವು. ಈ ಅಂಕಿ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಕನ್ನಡದಲ್ಲಿ ಅವರ ಹೆಸರನ್ನು ಬರೆದಾಗ ನನಗೆ ನಗು ಬರುತ್ತದೆ. ಹೆಸರಿನಲ್ಲೇ ಹೋಗುವುದು ಇದೆ! 1912ರಲ್ಲಿ ವಿಯೆನ್ನಾಕ್ಕೆ ಹೋದರು. ಆಸ್ಟ್ರಿಯಾದ ಫುಟ್‌ಬಾಲನ್ನು ಕಟ್ಟುತ್ತಿದ್ದ ಹ್ಯೂಗೋ ಮೈಸ್ಲ್ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ತಂಡವನ್ನು ತಯಾರು ಮಾಡಲು ಆರು ವಾರಕ್ಕೆ ಕರೆಸಿಕೊಂಡಿದ್ದರು. ಮೊದಲ ದಿನಗಳಲ್ಲಿ ಆಟಗಾರರಿಗೆ ಇವರ ಮಾತು ಅರ್ಥವಾಗಲಿಲ್ಲ, ಇವರು ಅ-ಆ-ಇ-ಈಯಿಂದಲೇ ಶುರು ಮಾಡುತ್ತಾರಲ್ಲ ಎಂಬ ಬೇಸರ ಬೇರೆ. ಮೈಸ್ಲ್ ಯಹೂದಿ ಮನೆತನದವರು, ಬ್ಯಾಂಕಿನ ಕೆಲಸ ಬಿಟ್ಟು ಫುಟ್‌ಬಾಲಿಗೆ ಬಂದವರು. ಇವರು ಗುರುಪಟ್ಟದ ದಾರಿ ಬಿಟ್ಟು ಬಂದ ಕಥೋಲಿಕ. ಇಬ್ಬರೂ ರಾತ್ರಿಯಿಡೀ ಕೂತು ಆಟದ ಬಗ್ಗೆ ಮಾತಾಡುತ್ತಿದ್ದರಂತೆ. ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾ ಜರ್ಮನಿಯನ್ನು 5-1ರಿಂದ ಸೋಲಿಸಿತು, ಆಮೇಲೆ ಹಾಲೆಂಡಿಗೆ ಸೋತಿತು. ಆದರೂ ಮೈಸ್ಲ್ ಅವರಿಗೆ ತಮಗೆ ಬೇಕಾದ ಮನುಷ್ಯ ಇವರೇ ಎಂದು ಖಾತ್ರಿಯಾಗಿತ್ತು.

1914ರಲ್ಲಿ ಹೆಂಡತಿ ಮಕ್ಕಳೊಡನೆ ಮತ್ತೆ ವಿಯೆನ್ನಾ. 1916ರ ಬರ್ಲಿನ್ ಒಲಿಂಪಿಕ್ಸ್‌ಗೆ ತಯಾರಿ ನಡೆಸಬೇಕಿತ್ತು. ಯುದ್ಧದ ಸುದ್ದಿ ಹರಡಿದಾಗ ಬ್ರಿಟಿಷ್ ಕಾನ್ಸುಲ್ ಬಳಿ ಹೋಗಿ ಊರಿಗೆ ಹೊರಡಬೇಕೇ ಎಂದು ವಿಚಾರಿಸಿದರು. ಸದ್ಯಕ್ಕೆ ಭಯವಿಲ್ಲ ಎಂಬ ಉತ್ತರ ಸಿಕ್ಕಿತು. ಎರಡು ದಿನದಲ್ಲಿ ಯುದ್ಧ ಘೋಷಣೆಯಾಯಿತು. ಶತ್ರು ದೇಶದವನೆಂದು ಅವರನ್ನು ಹಿಡಿದು ಒಳಗೆ ಹಾಕಿದರು. 1915ರ ಮಾರ್ಚಿನಲ್ಲಿ ಹೆಂಡತಿ ಮಕ್ಕಳಿಗೆ ಇಂಗ್ಲೆಂಡಿಗೆ ಮರಳಲು ಅನುಮತಿ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಜರ್ಮನಿಯ ಬಂಧಿತರ ಶಿಬಿರಕ್ಕೆ ಕಳುಹಿಸುವ ಹಿಂದಿನ ದಿನ, ವಿಯೆನ್ನಾದಲ್ಲಿ ದೊಡ್ಡ ಅಂಗಡಿ ನಡೆಸುತ್ತಿದ್ದ ಬ್ಲೈತ್ ಸಹೋದರರು ಜಾಮೀನು ನಿಂತು ಬಿಡಿಸಿಕೊಂಡರು. ಸುಮಾರು ಒಂದೂವರೆ ವರ್ಷ ಅವರ ಮನೆಯಲ್ಲಿ ತೋಟದ ಕೆಲಸ, ಮಕ್ಕಳಿಗೆ ಟೆನಿಸ್ ಹೇಳಿಕೊಡುವ ಕೆಲಸ. ಆಮೇಲೆ ಬುಡಾಪೆಸ್ಟಿನ ಎಂಟಿಕೆ ಕ್ಲಬ್ಬಿನ ಉಪಾಧ್ಯಕ್ಷರಾಗಿದ್ದ ಬ್ಯಾರನ್ ದಿರ್ಸ್ತಾಯ್ ತಮ್ಮ ಪ್ರಭಾವ ಬಳಸಿ ಅವರನ್ನು ಹಂಗೇರಿಗೆ ಕರೆಸಿಕೊಂಡರು. ಪೊಲೀಸ್ ಠಾಣೆಗೆ ಆಗಾಗ ಹೋಗಿ ಮುಖ ತೋರಿಸಬೇಕು, ಉಳಿದ ಹೊತ್ತು ಹುಡುಗರಿಗೆ ಆಟ ಕಲಿಸಬಹುದು.

ಎಂಟಿಕೆಯ ಬಹಳಷ್ಟು ಆಟಗಾರರು ಯುದ್ಧಕ್ಕೆ ಹೋಗಿಯಾಗಿತ್ತು. ತಂಡವನ್ನು ಎಳೆಯರಿಂದಲೇ ಕಟ್ಟಬೇಕಿತ್ತು. ಬುಡಾಪೆಸ್ಟಿನ ಆಂಗೋಲ್ ಪಾರ್ಕಿನಲ್ಲಿ ಚೆಂಡಾಡುತ್ತಿದ್ದ ಇಬ್ಬರು ಹುಡುಗರ ಮೇಲೆ ಹೋಗನ್ ಅವರ ಕಣ್ಣು ಬಿತ್ತು. ಗ್ಯೋರ್ಗಿ ಓರ್ಥ್ ಮತ್ತು ಯೋಜೆಫ್ ಬ್ರಾನ್. ಶಾಲೆ ಬಿಟ್ಟ ಮೇಲೆ ಅವರನ್ನು ಮೈದಾನಕ್ಕೆ ಕರೆತಂದು ಚೆಂಡನ್ನು ಕಾಲಲ್ಲಿ ನಿಲ್ಲಿಸುವುದು, ತಿರುಗಿಸುವುದು, ಸಣ್ಣ ಪಾಸ್, ಉದ್ದ ಪಾಸ್ ಎಂದು ದಿನದಿನವೂ ಕಲಿಸಿದರು. ಇಬ್ಬರೂ ಹಂಗೇರಿಯ ಹೆಸರಾಂತ ಆಟಗಾರರಾದರು. 1917 ಮತ್ತು 1918ರಲ್ಲಿ ಎಂಟಿಕೆ ಚಾಂಪಿಯನ್ ಆಯಿತು. ಹೋಗನ್ ಹೊರಟುಹೋದ ಮೇಲೂ 1925ರವರೆಗೆ ಆ ಪಟ್ಟವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. (ಯಹೂದಿಯಾಗಿದ್ದ ಬ್ರಾನ್ ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಬಲವಂತದ ದುಡಿಮೆಯ ದಳದಲ್ಲಿ ತೀರಿಕೊಂಡರು. ಇದನ್ನು ಓದಿದ ದಿನ ನನಗೆ ಮುಂದೆ ಓದಲು ಮನಸ್ಸಾಗಲಿಲ್ಲ.)

ಯುದ್ಧ ಮುಗಿದಾಗ ಹೋಗನ್ ಬರಿಗೈಯಲ್ಲಿ ಊರಿಗೆ ಬಂದರು. ಯುದ್ಧದಿಂದ ನಷ್ಟಕ್ಕೊಳಗಾದ ವೃತ್ತಿಪರ ಆಟಗಾರರಿಗೆ 200 ಪೌಂಡ್ ಸಹಾಯ ಸಿಗುತ್ತದೆ ಎಂದು ಯಾರೋ ಹೇಳಿದರು. ಸಾಲ ಮಾಡಿ ರೈಲು ಹತ್ತಿ ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ನಿನ ಕಚೇರಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಅವರ ಕೈಗೆ ಮೂರು ಜೊತೆ ಖಾಕಿ ಕಾಲುಚೀಲ ಕೊಟ್ಟರು. ಯುದ್ಧಭೂಮಿಯಲ್ಲಿದ್ದ ನಮ್ಮ ಹುಡುಗರು ಇಷ್ಟಕ್ಕೇ ಸಂತೋಷಪಡುತ್ತಿದ್ದರು ಎಂಬ ಮಾತು ಬೇರೆ. ದೇಶ ಯುದ್ಧದಲ್ಲಿದ್ದಾಗ ಶತ್ರುವಿನ ನಾಡಿನಲ್ಲಿ ಚೆಂಡಾಡಿಕೊಂಡಿದ್ದವ, ದ್ರೋಹಿ ಎಂಬುದು ಆ ಮಾತಿನ ಅರ್ಥ. ಬಂಧನದಲ್ಲಿದ್ದವರಿಗೆ ಆಯ್ಕೆ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ಗಡಿನಾಡಿನಲ್ಲಿ ಬೆಳೆದ ನಮಗೆ, ನೀನು ಯಾವ ಕಡೆಯವನು ಎಂಬ ಪ್ರಶ್ನೆ ಹೊಸದಲ್ಲ. ಅದು ಎಲ್ಲಿ ಚುಚ್ಚುತ್ತದೆ ಎಂಬುದೂ ಗೊತ್ತು. ಆ ಕಾಲುಚೀಲವನ್ನು ಹೋಗನ್ ಜೀವನಪೂರ್ತಿ ಮರೆಯಲಿಲ್ಲ.

ಮತ್ತೆ ಹೊರಟರು. ಸ್ವಿಟ್ಜರ್‌ಲೆಂಡಿನಲ್ಲಿ ಬರ್ನ್, ಲೊಸಾನ್. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಸ್ವಿಸ್ ತಂಡದ ತರಬೇತುದಾರರಲ್ಲಿ ಇವರೂ ಒಬ್ಬರು. ಮತ್ತೊಮ್ಮೆ ಬುಡಾಪೆಸ್ಟ್. ಆಮೇಲೆ ಜರ್ಮನಿ.

ಜರ್ಮನಿಯಲ್ಲಿ ಕೋಚ್ ಪರವಾನಗಿ ಬೇಕಾದರೆ ಜರ್ಮನ್ ಭಾಷೆಯಲ್ಲೇ ಉಪನ್ಯಾಸ ಕೊಡಬೇಕಿತ್ತು. ಇವರ ಜರ್ಮನ್ ಅಷ್ಟಕ್ಕಷ್ಟೇ. ಫುಟ್‌ಬಾಲ್ ಗುರು ಎನ್ನಲು ಹೋಗಿ ಭಾಷೆಗಳ ಪಂಡಿತ ಎಂದುಬಿಟ್ಟರು, ಇದು ಮೈಯ ಆಟ ಮಾತ್ರವಲ್ಲ ಮನಸ್ಸಿನ ಆಟ ಎನ್ನಲು ಹೋಗಿ ಸಮಿತಿಯ ಆಟ ಎಂದರು. ಸಭೆ ಗೊಳ್ಳೆಂದು ನಕ್ಕಿತು. ಹೋಗನ್ ಹತ್ತು ನಿಮಿಷ ಬಿಡುವು ಕೇಳಿ ಒಳಗೆ ಹೋದರು. ಹೊರಗೆ ಬಂದಾಗ ಮೈಮೇಲೆ ಬೋಲ್ಟನ್ ತಂಡದ ಹಳೆಯ ಉಡುಪು. ಬೂಟು, ಕಾಲುಚೀಲ ಕಳಚಿಟ್ಟರು. ನಿಮ್ಮ ಆಟಗಾರರಲ್ಲಿ ಮುಕ್ಕಾಲು ಪಾಲು ಜನರಿಗೆ ಚೆಂಡು ಒದೆಯಲು ಬರುವುದಿಲ್ಲ ಎಂದು ಹೇಳಿ, ಸುಮಾರು ಹದಿನಾಲ್ಕು ಮೀಟರ್ ದೂರದ ಮರದ ಹಲಗೆಗೆ ಬರಿಗಾಲಲ್ಲಿ, ಬಲಗಾಲಿನಿಂದ ಚೆಂಡು ಹೊಡೆದರು. ಹಲಗೆಗೆ ತಾಗಿ ಮರಳಿ ಬಂದ ಚೆಂಡನ್ನು ಎಡಗಾಲಿನಿಂದ ಹೊಡೆದರು. ಹಲಗೆ ಎರಡು ಹೋಳಾಯಿತು. ಆಮೇಲೆ ಯಾರೂ ವ್ಯಾಕರಣ ಹುಡುಕಲಿಲ್ಲ. ಡ್ರೆಸ್ಡನ್ ಸುತ್ತಮುತ್ತ ಒಂದೇ ತಿಂಗಳಲ್ಲಿ ಐದು ಸಾವಿರ ಆಟಗಾರರಿಗೆ ಪಾಠ ಹೇಳಿದರು. ಮೂರು ನಾಲ್ಕು ಭಾಷೆಯ ಹುಡುಗರನ್ನು ಒಂದೇ ತಂಡದಲ್ಲಿ ಆಡಿಸುವ ನನಗೆ, ಬಾಯಿ ತಡವರಿಸಿದಲ್ಲಿ ಮಾಡಿ ತೋರಿಸಿದ ಈ ಉಪಾಯ ಬಹಳ ಸಲ ಕೈಹಿಡಿದಿದೆ. ನನ್ನ ಹೊಡೆತಕ್ಕೆ ಹಲಗೆ ಇನ್ನೂ ಒಡೆದಿಲ್ಲ, ಅಷ್ಟೇ. ಡ್ರೆಸ್ಡನ್ನಿನಲ್ಲಿ ಅವರ ಕೈಕೆಳಗೆ ಕಲಿತವರಲ್ಲಿ ಹೆಲ್ಮುಟ್ ಶ್ಯೋನ್ ಎಂಬ ಹುಡುಗನೂ ಇದ್ದ.

ಜರ್ಮನಿಯ ರಾಜಕೀಯ ಕೆಡುತ್ತಾ ಬಂದಾಗ, ಹಣ ಹೊರಗೆ ಒಯ್ಯಲು ನಿರ್ಬಂಧವಿದ್ದುದರಿಂದ ಉಳಿತಾಯವನ್ನು ಪ್ಯಾಂಟಿನ ಹೊಲಿಗೆಯೊಳಗೆ ಅಡಗಿಸಿಕೊಂಡು ಪ್ಯಾರಿಸ್ ಸೇರಿದರು. ಅಲ್ಲಿನ ತಾರೆಗಳು ಮಾತು ಕೇಳಲಿಲ್ಲ. ಮತ್ತೆ ಲೊಸಾನ್. ಅಲ್ಲಿಯ ಅಧ್ಯಕ್ಷರಿಗೆ ಗೋಲು ತಪ್ಪಿಸಿದ ಆಟಗಾರರಿಗೆ ದಂಡ ಹಾಕಬೇಕೆಂಬ ಹಟ! ಈ ನಡುವೆ ಮೈಸ್ಲ್ ಅವರ ಆಸ್ಟ್ರಿಯಾ ಯುರೋಪಿನ ಬೆರಗಾಗಿ ಬೆಳೆದಿತ್ತು. 1932ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಇಂಗ್ಲೆಂಡಿನ ಎದುರು 4-3ರಿಂದ ಸೋತರೂ ನೋಡಿದವರು ಹೊಗಳಿದ್ದು ಸೋತವರ ಆಟವನ್ನು.

1934ರಲ್ಲಿ ತಾವು ಹಿಂದೆ ಆಡಿದ ಫುಲ್ಹಮ್‌ಗೆ ಮ್ಯಾನೇಜರ್ ಆಗಿ ಬಂದರು. ವೃತ್ತಿಪರ ಆಟಗಾರರಿಗೆ ಕಲಿಸುವುದು ಏನಿದೆ ಎಂದು ಅಲ್ಲಿಯವರು ಮುಖ ತಿರುಗಿಸಿದರು. 31 ಪಂದ್ಯಗಳಾದ ಮೇಲೆ, ಅಪೆಂಡಿಕ್ಸ್ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಕೆಲಸದಿಂದ ತೆಗೆದರು. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸುಸ್ವಾಮಿಗೆ ತಮ್ಮ ಊರಿನವರಿಂದಲೇ ಏನಾಯಿತೆಂದು ನಾವು ಕೇಳಿದ್ದೇವಲ್ಲ, ಹೋಗನ್ ಅವರಿಗೂ ಆ ಅಧ್ಯಾಯ ನೆನಪಾಗಿರಬಹುದು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅವರ ಆಸ್ಟ್ರಿಯಾ ಹವ್ಯಾಸಿ ತಂಡ ಬೆಳ್ಳಿ ಪಡೆಯಿತು. ಅದರಲ್ಲಿ ಒಂದು ಕಲೆಯೂ ಇದೆ: ಪೆರು ತಂಡ ಇವರನ್ನು 4-2ರಿಂದ ಸೋಲಿಸಿತ್ತು. ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರೆಂದು ಮರುಪಂದ್ಯಕ್ಕೆ ಆದೇಶವಾಯಿತು. ಪೆರು ಸಿಟ್ಟಾಗಿ ಊರಿಗೆ ಹೊರಟಿತು. ಅದೇ ವರ್ಷ, ಎರಡನೆಯ ದರ್ಜೆಗೆ ಬಿದ್ದಿದ್ದ ಆಸ್ಟನ್ ವಿಲ್ಲಾ ಇವರನ್ನು ಕರೆಯಿತು. 1938ರಲ್ಲಿ ಆ ದರ್ಜೆಯ ಚಾಂಪಿಯನ್ ಮಾಡಿ ಮೇಲಕ್ಕೆ ಎತ್ತಿದರು. ಇಂಗ್ಲೆಂಡಿನಲ್ಲಿ ಅವರಿಗೆ ದಕ್ಕಿದ ದೊಡ್ಡ ಯಶಸ್ಸು ಇದೊಂದೇ. ಮರುವರ್ಷ ಮತ್ತೊಂದು ಯುದ್ಧ.

ಯುದ್ಧ ಮುಗಿದಾಗ ವಯಸ್ಸು ಅರವತ್ತು ದಾಟಿತ್ತು. ಬ್ರೆಂಟ್‌ಫರ್ಡ್‌ನಲ್ಲಿ ಕೆಲವು ಕಾಲ, 1948ರಿಂದ ಗ್ಲಾಸ್ಗೋದ ಸೆಲ್ಟಿಕ್‌ನಲ್ಲಿ. ಬಡ ಐರಿಷ್ ವಲಸಿಗರ ಊಟಕ್ಕೆ ಹಣ ಕೂಡಿಸಲೆಂದು ಮಾರಿಸ್ಟ್ ಸಭೆಯ ಬ್ರದರ್ ವಾಲ್ಫ್ರಿಡ್ ಹುಟ್ಟುಹಾಕಿದ ಕ್ಲಬ್ಬು ಅದು. ಕೊನೆಗೆ ಆಸ್ಟನ್ ವಿಲ್ಲಾಕ್ಕೇ ಮರಳಿ ಅಲ್ಲಿನ ಎಳೆಯ ಹುಡುಗರನ್ನು ನೋಡಿಕೊಂಡರು.

1953ರ ನವೆಂಬರ್ 25ರಂದು ವೆಂಬ್ಲಿಗೆ ಹಂಗೇರಿ ಬಂತು. ಬ್ರಿಟಿಷ್ ದ್ವೀಪಗಳ ಹೊರಗಿನ ಯಾವ ತಂಡವೂ ಅದುವರೆಗೆ ಇಂಗ್ಲೆಂಡನ್ನು ಅದರ ನೆಲದಲ್ಲಿ ಸೋಲಿಸಿರಲಿಲ್ಲ. ಪಂದ್ಯ ಶುರುವಾದ ಮೊದಲ ನಿಮಿಷದಲ್ಲೇ ಹಿದೆಗ್ಕುಟಿ ಗೋಲು ಹೊಡೆದರು. ಅವರು ಎಂಟಿಕೆಯ ಆಟಗಾರ. ಕೊನೆಗೆ ಹಂಗೇರಿ 6, ಇಂಗ್ಲೆಂಡ್ 3. ಚೆಂಡು ನೆಲ ಬಿಡದೆ ಒಬ್ಬರಿಂದ ಒಬ್ಬರಿಗೆ ಹರಿಯಿತು. ನಮಗೆ ಗೊತ್ತಿರುವುದೆಲ್ಲ ಹೋಗನ್ ಕಲಿಸಿದ್ದು ಎಂದು ಹಂಗೇರಿ ಫುಟ್‌ಬಾಲಿನ ಅಧ್ಯಕ್ಷರು ಪಂದ್ಯದ ನಂತರ ಎಲ್ಲರೆದುರು ಹೇಳಿದರು. ಇಂಗ್ಲೆಂಡಿನ ಕೆಲವರಿಗೆ ಹಳೆಯ ದ್ರೋಹಿ ಎಂಬ ಮಾತು ಮತ್ತೆ ನೆನಪಾಯಿತು. 71 ವರ್ಷದ ಹೋಗನ್ ಆ ದಿನ ಗಣ್ಯರ ಸಾಲಿನಲ್ಲಿ ಇರಲಿಲ್ಲ. ಆಟ ಹೀಗೆ ಆಡಬೇಕೆಂದು ತೋರಿಸಲು ವಿಲ್ಲಾದ ಹುಡುಗರನ್ನು ಕರೆದುಕೊಂಡು ಬಂದು, ಅವರ ನಡುವೆ ಕೂತಿದ್ದರು.

1974ರ ಜನವರಿ 30ರಂದು, 91ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಜರ್ಮನ್ ಫುಟ್‌ಬಾಲ್ ಸಂಘದ ಕಾರ್ಯದರ್ಶಿ ಅವರ ಮಗನಿಗೆ ಪತ್ರ ಬರೆದು, ಜರ್ಮನಿಯ ಆಧುನಿಕ ಫುಟ್‌ಬಾಲಿನ ತಂದೆ ಅವರೇ ಎಂದು ಸ್ಮರಿಸಿದರು. ಐದು ತಿಂಗಳ ಮೇಲೆ, ಜುಲೈ 7ರಂದು, ಮ್ಯೂನಿಕ್‌ನಲ್ಲಿ ವಿಶ್ವಕಪ್ ಫೈನಲ್ ನಡೆಯಿತು. ಪಶ್ಚಿಮ ಜರ್ಮನಿಯ ಕೋಚ್ ಆಗಿ ಕೂತಿದ್ದವರು ಡ್ರೆಸ್ಡನ್ನಿನ ಹೆಲ್ಮುಟ್ ಶ್ಯೋನ್. ಎದುರಾಳಿ ಹಾಲೆಂಡ್. ಅಂಕ 2-1, ಈ ಸಲ ಗೆಲುವು ಜರ್ಮನಿಯದು.