ಶರತ್ಕಾಲದ ಜನರಂಗವೂ ಶಿವರಾಮ ಕಾರಂತರೂ

ಮಳೆಗಾಲವು ಹಿಂದೆ ಸರಿದು, ಗದ್ದೆಗಳಲ್ಲಿ ತೆನೆ ತುಂಬಿ, ಆಕಾಶವು ತಿಳಿಯಾದೊಡನೆ ನಮ್ಮ ಕರಾವಳಿಯ ಜನರ ಮನಸ್ಸು ತಾನಾಗಿಯೇ ಕಥೆಯ ಕಡೆಗೂ ಕುಣಿತದ ಕಡೆಗೂ ತಿರುಗುತ್ತದೆ. ನವರಾತ್ರಿ ಬಂದಿತೆಂದರೆ ಮಂಗಳೂರಿನ ಬೀದಿಗಳಲ್ಲಿ ಹುಲಿವೇಷದ ತಾಸೆಯ ಸದ್ದು ಮೊಳಗುತ್ತದೆ. ಕುದ್ರೋಳಿಯಲ್ಲಿಯೂ ರಥಬೀದಿಯಲ್ಲಿಯೂ ಶಾರದೆಯ ಉತ್ಸವಕ್ಕೆ ಜನಸಾಗರವೇ ಸೇರುತ್ತದೆ. ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ್ದ ಯಕ್ಷಗಾನ ಮೇಳಗಳು ದೀಪಾವಳಿಯ ತರುವಾಯ ಒಂದೊಂದಾಗಿ ಮತ್ತೆ ತಿರುಗಾಟಕ್ಕೆ ಸಿದ್ಧವಾಗುತ್ತವೆ. ಇಂತಹ ಋತುವಿನಲ್ಲಿಯೇ, ಅಕ್ಟೋಬರ 10ರಂದು, ಕೋಟ ಶಿವರಾಮ ಕಾರಂತರ ಜನ್ಮದಿನವೂ ಒದಗಿ ಬರುವುದು ಎಷ್ಟೂ ಉಚಿತವಾಗಿದೆ.

ಕಾರಂತರು ಕಾದಂಬರಿಕಾರರೆಂದು ಲೋಕವಿದಿತರು. ಆದರೆ ನಾಡಿನ ಕಥನಕಲೆಯನ್ನು ಜನರು ತಮ್ಮ ಸ್ವಂತ ಪ್ರಯತ್ನದಿಂದ ನಡೆಯಿಸಬಲ್ಲರೆಂಬುದನ್ನು ತೋರಿಸಿಕೊಟ್ಟ ಕಾರಂತರನ್ನು ನಮ್ಮ ತರುಣರು ಅಷ್ಟಾಗಿ ಅರಿತಿಲ್ಲ. ಆ ದೃಷ್ಟಿಯಿಂದ ಅವರ ಜೀವನವನ್ನು ಒಮ್ಮೆ ಅವಲೋಕಿಸುವುದು ನಮ್ಮ ಇಂದಿನ ಉದ್ದೇಶ.

ಕಾರಂತರು 1902ರಲ್ಲಿ, ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಕೋಟದಲ್ಲಿ ಜನಿಸಿದರು. ಆ ಸೀಮೆಯು ಬಡಗುತಿಟ್ಟು ಯಕ್ಷಗಾನದ ತವರು. ಮಹಾನವಮಿಯ ದಿನಗಳಲ್ಲಿ ಹೂವಿನಕೋಲೆಂಬ ಒಂದು ಸುಂದರ ಸಂಪ್ರದಾಯವೂ ಅಲ್ಲಿ ಬೆಳೆದು ಬಂದಿತ್ತು. ಹೂವಿನಿಂದ ಅಲಂಕರಿಸಿದ ಕೋಲುಗಳನ್ನು ಹಿಡಿದ ಬಾಲಕರು ಭಾಗವತರೊಡನೆ ಮನೆಮನೆಗೆ ಹೋಗಿ, ಗೃಹಸ್ಥರನ್ನು ಹರಸಿ, ಚಾವಡಿಯಲ್ಲಿ ಕುಳಿತು ಪ್ರಸಂಗವೊಂದರ ಭಾಗವನ್ನು ಮಾತಿನಲ್ಲಿಯೇ ನಡೆಯಿಸುವ ಪದ್ಧತಿಯಿದು. ವೇಷವಿಲ್ಲ, ರಂಗಸ್ಥಳವಿಲ್ಲ, ಪದ್ಯ, ಮದ್ದಲೆ ಮತ್ತು ಮಕ್ಕಳ ನಾಲಗೆ ಇಷ್ಟೇ ಅದರ ಬಂಡವಾಳ. ಅಕ್ಷರ ಬಾರದವರ ಮನೆಗಳಿಗೂ ಭಾರತ ರಾಮಾಯಣಗಳನ್ನು ಮುಟ್ಟಿಸಿದುದು ಇಂತಹ ಕಲೆಗಳೇ ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಕಾಲೇಜಿನ ವ್ಯಾಸಂಗಕ್ಕೆಂದು ಮಂಗಳೂರಿಗೆ ಬಂದಿದ್ದ ಕಾರಂತರಿಗೆ ಗಾಂಧೀಜಿಯವರ ಅಸಹಕಾರದ ಕರೆ ಕೇಳಿಸಿತು. 1922ರಲ್ಲಿ ಅವರು ಕಾಲೇಜನ್ನು ತೊರೆದು, ಸುಮಾರು ಐದು ವರ್ಷ ಕಾಲ ಖಾದಿ ಮತ್ತು ಸ್ವದೇಶಿ ವ್ರತದ ಪ್ರಚಾರದಲ್ಲಿ ತೊಡಗಿದರು. ವಸಂತವೆಂಬ ಪತ್ರಿಕೆಯನ್ನೂ ನಡೆಯಿಸಿದರು. ಪದವಿಯನ್ನು ಕಳೆದುಕೊಂಡ ತರುಣನಿಗೆ ಹಳ್ಳಿಗಳೇ ವಿದ್ಯಾಪೀಠವಾದವು. ಜನರ ಬಡತನವನ್ನೂ ಜಾತಿಯ ಕ್ರೌರ್ಯವನ್ನೂ ಹತ್ತಿರದಿಂದ ಕಂಡ ಅವರ ಲೇಖನಿಯಿಂದ 1933ರಲ್ಲಿ ಚೋಮನ ದುಡಿ ಹೊರಬಂದಿತು. ದುಡಿಯನ್ನು ಬಾರಿಸಿ ತನ್ನ ದುಃಖವನ್ನು ನುಂಗುವ ಒಬ್ಬ ಬಡವನನ್ನು ಕಥಾನಾಯಕನನ್ನಾಗಿ ಮಾಡಿದವರಿಗೆ ಕಲೆಯೆಂಬುದು ಉಳ್ಳವರ ವಿನೋದವಾಗಿ ಕಾಣದಿದ್ದುದು ಸಹಜವೇ ಆಗಿದೆ.

ಮುಂದೆ ಅವರು ನೆಲೆಸಿದುದು ಪುತ್ತೂರಿನಲ್ಲಿ. ಅಂದು ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಮೈಸೂರಿನಲ್ಲಿ ಅರಸರು ದಸರೆಯನ್ನು ವೈಭವದಿಂದ ನಡೆಯಿಸುತ್ತಿದ್ದರು. ಅರಸರಿಲ್ಲದ ಸೀಮೆಗಳ ಕನ್ನಡಿಗರು ಏನು ಮಾಡಬೇಕು? ಧಾರವಾಡದಲ್ಲಿ ಬೇಂದ್ರೆಯವರೂ ಅವರ ಗೆಳೆಯರ ಗುಂಪಿನವರೂ ನವರಾತ್ರಿಯನ್ನು ನಾಡಹಬ್ಬವಾಗಿ ಆಚರಿಸಲು ತೊಡಗಿ ಇದಕ್ಕೊಂದು ಉತ್ತರವನ್ನು ಕೊಟ್ಟಿದ್ದರು. ಪುತ್ತೂರಿನಲ್ಲಿ ಆ ಹಬ್ಬವನ್ನು ಬೇರೂರಿಸಿದವರಲ್ಲಿ ಕಾರಂತರೂ ಮೊಳಹಳ್ಳಿ ಶಿವರಾಯರೂ ಪ್ರಮುಖರು. ಶಿವರಾಯರು ದಕ್ಷಿಣ ಕನ್ನಡದ ಸಹಕಾರ ಚಳವಳಿಯ ಪಿತಾಮಹರೆಂದು ಖ್ಯಾತಿವೆತ್ತವರು. ಇದನ್ನು ನಾವು ಕೇವಲ ಯೋಗಾಯೋಗವೆಂದು ಭಾವಿಸುವುದಿಲ್ಲ. ಹತ್ತು ಮಂದಿಯ ಅಲ್ಪ ಹಣವು ಕೂಡಿ ಒಂದು ಸಹಕಾರ ಸಂಘವಾಗುವಂತೆ, ಹತ್ತು ಮಂದಿಯ ಅಲ್ಪಸ್ವಲ್ಪ ಕಲೆಯೂ ಉತ್ಸಾಹವೂ ಕೂಡಿದರೆ ಒಂದು ರಂಗವಾಗಬಲ್ಲುದು. ಅರಮನೆಯ ದಸರೆಯಲ್ಲಿ ಪ್ರಜೆಯು ಪ್ರೇಕ್ಷಕನಾಗಿದ್ದನು. ನಾಡಹಬ್ಬದಲ್ಲಿ ಅವನೇ ಯಜಮಾನನಾದನು.

ಪುತ್ತೂರಿನ ಬಾಲವನವು ಕಾರಂತರ ಪ್ರಯೋಗಶಾಲೆಯಾಯಿತು. ಮಕ್ಕಳಿಗೆ ಕುಣಿತ, ನಾಟಕಗಳನ್ನು ಕಲಿಸುವುದೂ, ಬಾಲಪ್ರಪಂಚದಂತಹ ಗ್ರಂಥಗಳನ್ನು ರಚಿಸುವುದೂ ಅವರಿಗೆ ಒಂದೇ ಕಾರ್ಯದ ಎರಡು ಮುಖಗಳಾಗಿದ್ದವು. ಒಳ್ಳೆಯ ಮನೆತನದ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ರಂಗವನ್ನೇರುವುದು ಹೀನವೆಂದು ಎಣಿಸುತ್ತಿದ್ದ ಕಾಲವದು. 1936ರಲ್ಲಿ ಅವರು ಬಂಟ ಸಮಾಜದ ಲೀಲಾ ಆಳ್ವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. ತಾನು ನಂಬಿದುದನ್ನು ಮಾಡಿ ತೋರಿಸುವುದು ಅವರ ಸ್ವಭಾವ. ಊರ ನಿಂದೆಗೆ ಅವರು ಅಂಜಿದವರಲ್ಲ.

ಯಕ್ಷಗಾನದ ವಿಷಯದಲ್ಲಿಯೂ ಅವರದು ಇದೇ ಧೈರ್ಯ. ವಿದ್ಯಾವಂತರು ಬಯಲಾಟವನ್ನು ಒಡ್ಡರ ಆಟವೆಂಬಂತೆ ಕಡೆಗಣಿಸುತ್ತಿದ್ದ ದಿನಗಳಲ್ಲಿ ಅವರು ಹಳ್ಳಿಹಳ್ಳಿಗಳನ್ನು ಸುತ್ತಿ, ಹಳೆಯ ತಾಡವೋಲೆಗಳನ್ನು ಪರಿಶೀಲಿಸಿ, ವೃದ್ಧ ಕಲಾವಿದರಿಂದ ರಾಗತಾಳಗಳನ್ನೂ ಹೆಜ್ಜೆಗಳನ್ನೂ ಕೇಳಿ ತಿಳಿದರು. ಅದರ ಫಲವಾಗಿ 1957ರಲ್ಲಿ ಪ್ರಕಟವಾದ ಯಕ್ಷಗಾನ ಬಯಲಾಟವೆಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ಗದ್ದೆಯ ಬಯಲಿನಲ್ಲಿ, ದೀವಟಿಗೆಯ ಬೆಳಕಿನಲ್ಲಿ ನಡೆಯುತ್ತಿದ್ದ ಆಟವು ವಿದ್ವಾಂಸರ ಸಭೆಯಲ್ಲಿ ಹೀಗೆ ಆಸನವನ್ನು ಪಡೆಯಿತು. 1971ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಪ್ರಾರಂಭವಾದಾಗ ಅದಕ್ಕೆ ಕಾರಂತರೇ ಮಾರ್ಗದರ್ಶಕರಾದರು. ಅವರ ಯಕ್ಷರಂಗದ ತಂಡವು ಕಡಲನ್ನು ದಾಟಿ ಪರದೇಶಗಳಲ್ಲಿಯೂ ಪ್ರದರ್ಶನಗಳನ್ನಿತ್ತು ಬಂದಿತು.

ಆದರೆ ಇಲ್ಲಿಯೇ ಒಂದು ವಿವಾದವೂ ಹುಟ್ಟಿತು. ಅದನ್ನು ಮರೆಮಾಚುವುದು ನಮಗೆ ಸಮ್ಮತವಿಲ್ಲ. ರಾತ್ರಿಯಿಡೀ ನಡೆಯುವ ಆಟವನ್ನು ಕಾರಂತರು ಎರಡು ಮೂರು ಗಂಟೆಗಳಿಗೆ ಇಳಿಸಿದರು. ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ಸೇರಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಪಾತ್ರಧಾರಿಯ ಆಶುಮಾತನ್ನು ತಮ್ಮ ಪ್ರಯೋಗಗಳಿಂದ ಹೊರಗಿಟ್ಟರು. ಹಾಡು ಮತ್ತು ಕುಣಿತಗಳೇ ಕಥೆಯನ್ನು ಹೇಳಬಲ್ಲವು, ಮಿತಿ ಮೀರಿದ ಮಾತು ರಸವನ್ನು ಕೆಡಿಸುತ್ತದೆ ಎಂಬುದು ಅವರ ನಿಲುವು. ಕನ್ನಡವರಿಯದವರ ಮುಂದೆ ಆಟವನ್ನು ಒಯ್ಯುವುದಕ್ಕೆ ಅದು ನೆರವಾದುದೂ ನಿಜ. ಸಂಪ್ರದಾಯಸ್ಥರಾದರೋ, ಮಾತು ಹೋದರೆ ಯಕ್ಷಗಾನದ ಅರ್ಧಾಂಗವೇ ಹೋಯಿತೆಂದು ಆಕ್ಷೇಪಿಸಿದರು.

ಈ ಅಂಶದಲ್ಲಿ ನಮ್ಮ ಅಭಿಪ್ರಾಯವು ಸಂಪ್ರದಾಯಸ್ಥರ ಕಡೆಗೆ ವಾಲುತ್ತದೆ. ವೇಷ, ಹೆಜ್ಜೆ, ರಾಗಗಳ ಶುದ್ಧಿಗಾಗಿ ಕಾರಂತರು ಪಟ್ಟ ಶ್ರಮಕ್ಕೆ ನಾಡು ಋಣಿಯಾಗಿದೆ. ಆದರೂ ಬರೆದಿಟ್ಟುಕೊಳ್ಳದೆ, ಎದುರು ಕುಳಿತವನ ಮಾತಿಗೆ ಆ ಕ್ಷಣದಲ್ಲಿಯೇ ಮಾತನ್ನು ಹೆಣೆಯುವ ಅರ್ಥಗಾರಿಕೆಯು ನಮ್ಮ ಜನರ ಅಪೂರ್ವ ಸಂಪತ್ತು. ತಾಳಮದ್ದಳೆಯಲ್ಲಿ ಕರ್ಣನೂ ವಾಲಿಯೂ ಪ್ರತಿ ರಾತ್ರಿ ಹೊಸತಾಗಿ ವಾದಿಸುತ್ತಾರೆ. ಧರ್ಮಾಧರ್ಮಗಳ ವಿಚಾರವು ಹೊಲಗೇಯುವವನ ಕಿವಿಗೂ ಬೀಳುತ್ತದೆ. ಮಾತು ದೀರ್ಘವಾಯಿತೆಂದರೆ ಅದನ್ನು ತಿದ್ದಬೇಕು, ತೊರೆಯಬಾರದು. ಕಾರಂತರ ಪ್ರಯೋಗವು ಒಂದು ಕವಲಾಗಿ ಉಳಿಯಲಿ, ಮೂಲಕಾಂಡವು ಮಾತಿನೊಡನೆಯೇ ಬೆಳೆಯಲಿ ಎಂಬುದು ನಮ್ಮ ಆಶಯ.

ಕಾರಂತರ ಉತ್ತರಾಯುಷ್ಯವು ಕೀರ್ತಿಯಿಂದ ತುಂಬಿತ್ತು. 1955ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1968ರಲ್ಲಿ ಪಡೆದ ಪದ್ಮಭೂಷಣವನ್ನು, 1975ರಲ್ಲಿ ಘೋಷಿತವಾದ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಸರಕಾರಕ್ಕೆ ಮರಳಿಸಿದರು. ಮೂಕಜ್ಜಿಯ ಕನಸುಗಳು ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿಯು ಸಂದಿತು. ಕೊನೆಯ ವರ್ಷಗಳನ್ನು ತಮ್ಮ ಹುಟ್ಟೂರಿನ ಬಳಿಯ ಸಾಲಿಗ್ರಾಮದಲ್ಲಿ ಕಳೆದು, 1997ನೆಯ ದಶಂಬರ 9ರಂದು, ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ ಕಾಲವಶರಾದರು. ಬಿರುದನ್ನು ಮರಳಿಸಬಲ್ಲ ಧೈರ್ಯವೂ ಮಕ್ಕಳೊಡನೆ ಕುಣಿಯಬಲ್ಲ ಸರಳತೆಯೂ ಒಬ್ಬನಲ್ಲಿಯೇ ಕೂಡಿರುವುದು ವಿರಳ.

ಅವರು ಹಾಕಿಕೊಟ್ಟ ಪಾಠವು ಇಂದು ಯಾವ ಸ್ಥಿತಿಯಲ್ಲಿದೆ? ಅದನ್ನು ಅರಿಯಲು, ಕಾರಂತರು ವಿದ್ಯಾರ್ಥಿಯಾಗಿದ್ದ ಈ ಮಂಗಳೂರನ್ನೇ ನೋಡೋಣ. ನಗರದ ಅಂಚಿನ ಶಕ್ತಿನಗರದಲ್ಲಿ, 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಎಂಬ ಕೊಂಕಣಿ ಸಂಸ್ಥೆಯ ಕಲಾಂಗಣವಿದೆ. ತಿಂಗಳಿಗೊಂದು ಪ್ರದರ್ಶನವೆಂಬ ವ್ರತವನ್ನು 2002ರಲ್ಲಿ ತೊಟ್ಟ ಆ ಸಂಸ್ಥೆಯು ಹಾಡು, ನಾಟಕ, ನೃತ್ಯಗಳಿಗೆ ಅಲ್ಲಿ ಎಡೆಮಾಡಿ ಕೊಟ್ಟಿದೆ. ಅದೇ ಶಕ್ತಿನಗರದಲ್ಲಿ ವಿಶ್ವ ಕೊಂಕಣಿ ಕೇಂದ್ರವೂ ತಲೆಯೆತ್ತಿ ನಿಂತಿದೆ. ಭಾಷೆ ಕೊಂಕಣಿಯಾದರೇನು? ಅರಸರ ದಾರಿಯನ್ನು ಕಾಯದೆ, ಒಂದು ಸಮಾಜದ ಜನರು ತಮ್ಮ ಕಲೆಗೆ ತಾವೇ ಸೂರು ಕಟ್ಟಿಕೊಂಡಿರುವುದು ಪುತ್ತೂರಿನ ನಾಡಹಬ್ಬದ ದಾರಿಯೇ ಆಗಿದೆ. ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳು ಒಂದೇ ಅಂಗಳದಲ್ಲಿ ಬಾಳುವ ಈ ಜಿಲ್ಲೆಯಲ್ಲಿ ಒಬ್ಬರ ಯಶಸ್ಸು ಇನ್ನೊಬ್ಬರಿಗೆ ಮೇಲ್ಪಂಕ್ತಿಯಾಗಬೇಕು.

ಶರತ್ಕಾಲದ ಉತ್ಸವಗಳಿಗೆ ಇಂದು ದೀಪಾಲಂಕಾರದ ಕೊರತೆಯಿಲ್ಲ. ಧ್ವನಿವರ್ಧಕಗಳ ಕೊರತೆಯಂತೂ ಮೊದಲೇ ಇಲ್ಲ. ಕೊರತೆಯಿರುವುದು ಕಥೆಯನ್ನು ಹೇಳಬಲ್ಲ ಮಕ್ಕಳದ್ದು. ಹೂವಿನಕೋಲು ಬಹುಮಟ್ಟಿಗೆ ಮನೆಬಾಗಿಲುಗಳಿಂದ ಮರೆಯಾಗಿ, ಇಂದು ಕೆಲವರೇ ಕಲಾಪ್ರೇಮಿಗಳ ಪ್ರಯತ್ನದಿಂದ ಜೀವ ಹಿಡಿದುಕೊಂಡಿದೆ. ಪ್ರತಿಯೊಂದು ಉತ್ಸವ ಸಮಿತಿಯೂ ತನ್ನ ವೆಚ್ಚದಲ್ಲಿ ಒಂದಂಶವನ್ನು ಊರ ಮಕ್ಕಳ ಶಿಕ್ಷಣಕ್ಕಾಗಿ ತೆಗೆದಿರಿಸಿ, ಒಂದು ಸಂಜೆಯನ್ನಾದರೂ ಅವರ ಮಾತಿಗೂ ಕಥೆಗೂ ಮೀಸಲಿಡಬೇಕೆಂದು ನಾವು ವಿನಂತಿಸುತ್ತೇವೆ. ಹಣ ತೆತ್ತು ಹೊರಗಿನಿಂದ ಕರೆಸಿದ ಕಾರ್ಯಕ್ರಮವು ಮರುದಿನ ಮರೆತುಹೋಗುತ್ತದೆ. ಊರ ಬಾಲಕನೊಬ್ಬನು ಚಾವಡಿಯಲ್ಲಿ ಅಭಿಮನ್ಯುವಾಗಿ ಆಡಿದ ಮಾತು ಅವನ ಬಾಳಿಗೂ ಊರಿಗೂ ಉಳಿಯುತ್ತದೆ. ಕಾರಂತರ ಜನ್ಮದಿನಕ್ಕೆ ಇದಕ್ಕಿಂತ ಒಪ್ಪುವ ಕಾಣಿಕೆ ನಮಗೆ ತೋರದು.