ಆನೆಕಾಲು ರೋಗಕ್ಕೆ ಮದ್ದು ಕೊಟ್ಟ ಸುಬ್ಬರಾಯರು

ಆನೆಕಾಲು ರೋಗ ಅಂದರೆ ನಮ್ಮ ಕರಾವಳಿಯ ಹಿರಿಯರಿಗೆಲ್ಲ ಗೊತ್ತುಂಟು. ಸೊಳ್ಳೆಯಿಂದ ಹರಡುವ ಈ ರೋಗದ ಸಣ್ಣ ಹುಳಗಳು ರಾತ್ರಿ ಹೊತ್ತು ರಕ್ತದಲ್ಲಿ ಓಡಾಡುತ್ತವೆ. ಅದಕ್ಕೇ ರಾತ್ರಿ ಬೆರಳು ಚುಚ್ಚಿ ಪರೀಕ್ಷೆ ಮಾಡುವುದು. ಇದರ ಮದ್ದು ಡಿ.ಇ.ಸಿ. ಮಾತ್ರೆ. ನಮ್ಮ ದಕ್ಷಿಣ ಕನ್ನಡದಲ್ಲಿಯೂ ಅದನ್ನು ಜನರಿಗೆ ಹಂಚಿದ್ದಾರೆ. ಆ ಮದ್ದಿನ ಹಿಂದೆ ಇದ್ದವರು ಡಾ. ಯಲ್ಲಾಪ್ರಗಡ ಸುಬ್ಬರಾವ್. ಅವರ ಜೀವನವನ್ನು ಇಲ್ಲಿ ಬರೆದಿದ್ದೇನೆ.

ಸುಬ್ಬರಾಯರು 1895ನೇ ಜನವರಿ 12ರಂದು ಆಂಧ್ರದ ಭೀಮಾವರದಲ್ಲಿ ಹುಟ್ಟಿದರು. ಮನೆಯಲ್ಲಿ ಬಡತನ. 13ನೇ ವರ್ಷದಲ್ಲಿ, ಅಂದರೆ ನನ್ನಷ್ಟೇ ಇರುವಾಗ, ಕಾಶಿಯಲ್ಲಿ ಬಾಳೆಹಣ್ಣು ಮಾರಿ ಹಣ ಮಾಡಬೇಕು ಅಂತ ಮನೆ ಬಿಟ್ಟು ಓಡಿದರು. ತಾಯಿ ವೆಂಕಮ್ಮ ಬಿಡಲಿಲ್ಲ. ವಾಪಸು ಕರೆತಂದು ಪುನಃ ಶಾಲೆಗೆ ಕಳಿಸಿದರು. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದರು.

ಆಮೇಲೆ ಮದ್ರಾಸು ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿಯವರ ಕರೆಯಂತೆ ಖಾದಿ ಉಟ್ಟದ್ದು ಅಲ್ಲಿಯ ಬ್ರಿಟಿಷ್ ಪ್ರೊಫೆಸರರಿಗೆ ಹಿಡಿಸಲಿಲ್ಲ. ಎಂ.ಬಿ.ಬಿ.ಎಸ್. ಬದಲು ಕಡಿಮೆ ದರ್ಜೆಯ ಎಲ್.ಎಂ.ಎಸ್. ಪದವಿ ಸಿಕ್ಕಿತು. ಸ್ಪ್ರೂ ಎಂಬ ಹೊಟ್ಟೆಯ ಕಾಯಿಲೆಯಿಂದ ಅವರ ಅಣ್ಣ ತೀರಿಹೋದರು. ಆಗ ಅದಕ್ಕೆ ಮದ್ದೇ ಇರಲಿಲ್ಲ.

ಸುಬ್ಬರಾಯರು ಮಾವನವರ ಸಹಾಯದಿಂದ ಅಮೆರಿಕದ ಬೋಸ್ಟನ್ ನಗರಕ್ಕೆ ಹೋದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಫಿಸ್ಕ್ ಎಂಬವರ ಜೊತೆ ಸೇರಿ 1925ರಲ್ಲಿ ರಕ್ತದಲ್ಲಿರುವ ರಂಜಕವನ್ನು ಅಳೆಯುವ ವಿಧಾನ ಕಂಡುಹಿಡಿದರು. ನಮ್ಮ ಸ್ನಾಯುಗಳಿಗೆ ಶಕ್ತಿ ಕೊಡುವ ಎ.ಟಿ.ಪಿ. ಎಂಬ ವಸ್ತುವನ್ನು ಮೊದಲು ಕಂಡವರಲ್ಲಿ ಇವರೂ ಒಬ್ಬರು. ಇಷ್ಟು ಮಾಡಿದರೂ ಹಾರ್ವರ್ಡ್‌ನಲ್ಲಿ ಖಾಯಂ ಕೆಲಸ ಸಿಗಲಿಲ್ಲ.

1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪೆನಿಗೆ ಸೇರಿದರು. ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಅಣ್ಣನನ್ನು ಕೊಂದ ಸ್ಪ್ರೂ ಕಾಯಿಲೆಗೆ ಅದೇ ಮದ್ದಾಯಿತು! 1947ರಲ್ಲಿ ಆನೆಕಾಲು ರೋಗದ ಡಿ.ಇ.ಸಿ. ಬಂತು. ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮದ್ದೂ ಅವರ ತಂಡದ್ದೇ.

ಸುಬ್ಬರಾಯರು 1948ರ ಆಗಸ್ಟಿನಲ್ಲಿ, 53ನೇ ವಯಸ್ಸಿನಲ್ಲಿ, ಅಮೆರಿಕದಲ್ಲಿಯೇ ತೀರಿಕೊಂಡರು. ಒಮ್ಮೆ ಹೋದವರು ಊರಿಗೆ ತಿರುಗಿ ಬರಲೇ ಇಲ್ಲ. ನೊಬೆಲ್ ಬಹುಮಾನವೂ ಸಿಗಲಿಲ್ಲ. 1995ರಲ್ಲಿ ಭಾರತ ಸರ್ಕಾರ ಅವರ ಅಂಚೆ ಚೀಟಿ ಹೊರಡಿಸಿತು. ಮಾತ್ರೆ ನುಂಗಿದ ಎಷ್ಟೋ ಜನರಿಗೆ ಅವರ ಹೆಸರೇ ಗೊತ್ತಿಲ್ಲ. ನನಗೆ ಬೇಸರವಾಗುವುದು ಇದಕ್ಕೇ.

ಫೇಲಾದವರನ್ನು ದಡ್ಡರು ಅಂತ ತಮಾಷೆ ಮಾಡುವವರು ನಮ್ಮಲ್ಲಿಯೂ ಇದ್ದಾರೆ. ಸುಬ್ಬರಾಯರು ಮೂರನೇ ಸಲ ಪರೀಕ್ಷೆಗೆ ಕೂತುಕೊಳ್ಳದಿದ್ದರೆ ಈ ಮದ್ದುಗಳನ್ನು ಯಾರು, ಯಾವಾಗ ಕೊಡುತ್ತಿದ್ದರು? ನೀವೇ ಯೋಚಿಸಿ.

– 7ನೇ ತರಗತಿ