ಇಂಟರ್‌ಫೆರಾನ್ ಇಮ್ಯುನಿಟಿ ಬೂಸ್ಟರ್ ಹೌದೇ? ಅದನ್ನು ಕಂಡುಹಿಡಿದ ಅಲಿಕ್ ಐಸಾಕ್ಸ್ ಕಥೆ ಓದಿ

ಇಮ್ಯುನಿಟಿ ಹೆಚ್ಚಿಸುತ್ತೇವೆ ಎನ್ನುವ ಪುಡಿ, ಕಷಾಯ, ಮಾತ್ರೆಗಳ ಫಾರ್ವರ್ಡ್‌ಗಳು ನಮ್ಮೆಲ್ಲರ ಮೊಬೈಲ್‌ಗೂ ಬರುತ್ತವೆ. ರೋಗನಿರೋಧಕ ಶಕ್ತಿ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು ಎಂಬುದು ಅವುಗಳ ಲೆಕ್ಕಾಚಾರ. ಇದು ಸರಿಯೇ? ಉತ್ತರ ಬೇಕಿದ್ದರೆ ನಾವು ಇಂಟರ್‌ಫೆರಾನ್ ಎಂಬ ಪ್ರೋಟೀನ್ ಮತ್ತು ಅದನ್ನು ಕಂಡುಹಿಡಿದ ಅಲಿಕ್ ಐಸಾಕ್ಸ್ ಅವರ ಬದುಕನ್ನು ತಿಳಿಯಬೇಕು.

ಯಾರು ಈ ಐಸಾಕ್ಸ್?

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1921ರಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಅಲ್ಲೇ ವೈದ್ಯಕೀಯ ಓದಿದರೂ ರೋಗಿಗಳಿಗಿಂತ ವೈರಸ್‌ಗಳೇ ಅವರನ್ನು ಹೆಚ್ಚು ಸೆಳೆದವು. ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋಗಿ ಮ್ಯಾಕ್‌ಫರ್ಲೇನ್ ಬರ್ನೆಟ್ ಅವರ ಪ್ರಯೋಗಾಲಯದಲ್ಲಿ ಫ್ಲೂ ವೈರಸ್ ಬಗ್ಗೆ ಸಂಶೋಧನೆ ಮಾಡಿದರು. ನಂತರ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ ಸೇರಿದರು.

ಒಂದು ವೈರಸ್ ಹೊಕ್ಕ ಜೀವಕೋಶಕ್ಕೆ ಇನ್ನೊಂದು ವೈರಸ್ ಸುಲಭವಾಗಿ ನುಗ್ಗಲಾರದು ಎಂಬುದು ಆಗಲೇ ಗೊತ್ತಿತ್ತು. ಏಕೆ ಎಂಬುದು ಗೊತ್ತಿರಲಿಲ್ಲ.

ಕೋಳಿಮೊಟ್ಟೆಯಲ್ಲಿ ಸಿಕ್ಕ ಉತ್ತರ

ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಜಾನ್ ಲಿಂಡೆನ್‌ಮನ್ ಜೊತೆ ಸೇರಿ ಐಸಾಕ್ಸ್ ಒಂದು ಸರಳ ಪ್ರಯೋಗ ಮಾಡಿದರು. ಮರಿಯಾಗುತ್ತಿರುವ ಕೋಳಿಮೊಟ್ಟೆಯೊಳಗಿನ ಪೊರೆಯ ತುಂಡುಗಳಿಗೆ, ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ ಸೇರಿಸಿದರು. ಆ ತುಂಡುಗಳಿದ್ದ ದ್ರವವನ್ನು ತೆಗೆದು ಹೊಸ ಪೊರೆಗೆ ಹಾಕಿದರು. ನಂತರ ಜೀವಂತ ವೈರಸ್ ಬಿಟ್ಟರೆ ಅದು ಸರಿಯಾಗಿ ಬೆಳೆಯಲೇ ಇಲ್ಲ.

ಅಂದರೆ ವೈರಸ್ ಸೋಕಿದ ಜೀವಕೋಶ ಏನನ್ನೋ ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತಿತ್ತು. ವೈರಸ್ ಬೆಳವಣಿಗೆಗೆ ಅಡ್ಡಿಪಡಿಸುವ ಆ ವಸ್ತುವಿಗೆ 1957ರಲ್ಲಿ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಇದೇ ಬಗೆಯ ಗುಣವನ್ನು ಜಪಾನಿನ ನಾಗಾನೊ ಮತ್ತು ಕೊಜಿಮಾ 1954ರಲ್ಲೇ ಗುರುತಿಸಿದ್ದರು.

ಆಸೆ, ಆಮೇಲೆ ಅನುಮಾನ

ಬ್ಯಾಕ್ಟೀರಿಯಾಕ್ಕೆ ಪೆನಿಸಿಲಿನ್ ಇದ್ದಂತೆ ವೈರಸ್‌ಗೆ ಇಂಟರ್‌ಫೆರಾನ್ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಆದರೆ ಸಿಗುತ್ತಿದ್ದುದು ಅತ್ಯಲ್ಪ, ಅದೂ ಶುದ್ಧವಲ್ಲ. ಒಂದು ಪ್ರಾಣಿಯ ಇಂಟರ್‌ಫೆರಾನ್ ಬೇರೆ ಪ್ರಾಣಿಯಲ್ಲಿ ಸಾಮಾನ್ಯವಾಗಿ ಅಷ್ಟಾಗಿ ಕೆಲಸ ಮಾಡದು. ನೆಗಡಿಯ ಮೇಲೆ ನಡೆದ ಆರಂಭದ ಪರೀಕ್ಷೆಗಳೂ ಕೈಕೊಟ್ಟವು. ಇಂಥ ವಸ್ತು ಇದೆಯೇ ಎಂದು ಕೆಲವು ವಿಜ್ಞಾನಿಗಳು ಲೇವಡಿಯನ್ನೂ ಮಾಡಿದರು.

ಐಸಾಕ್ಸ್ ಬಿಡಲಿಲ್ಲ. ಖಿನ್ನತೆ ಕಾಡಿತು. 1964ರಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಆದರೂ ಕೆಲಸಕ್ಕೆ ಮರಳಿದರು. 1966ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1967ರ ಜನವರಿ 26ರಂದು, ಕೇವಲ 45ನೇ ವಯಸ್ಸಿಗೆ ತೀರಿಕೊಂಡರು. ತಾವು ಕಂಡುಹಿಡಿದ ವಸ್ತು ಔಷಧವಾದುದನ್ನು ಅವರು ನೋಡಲೇ ಇಲ್ಲ.

ಆಮೇಲೆ ಏನಾಯಿತು?

ಫಿನ್ಲೆಂಡಿನ ಕಾರಿ ಕ್ಯಾಂಟೆಲ್ ದಾನಿಗಳ ರಕ್ತದ ಬಿಳಿ ಕಣಗಳಿಂದ ಇಂಟರ್‌ಫೆರಾನ್ ತೆಗೆದರು. ರಾಶಿ ರಕ್ತಕ್ಕೆ ಚಿಟಿಕೆಯಷ್ಟು ಪ್ರೋಟೀನ್! ದಾರಿ ತೆರೆದದ್ದು ರಿಕಾಂಬಿನೆಂಟ್ ತಂತ್ರಜ್ಞಾನ. ಮನುಷ್ಯನ ಜೀನ್ ಅನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಅದೇ ಆ ಪ್ರೋಟೀನ್ ತಯಾರಿಸುತ್ತದೆ. 1980ರಲ್ಲಿ ಚಾರ್ಲ್ಸ್ ವೈಸ್‌ಮನ್ ತಂಡ ಇದನ್ನು ಸಾಧಿಸಿ ತೋರಿಸಿತು. 1986ರಲ್ಲಿ ಅಪರೂಪದ ಒಂದು ರಕ್ತ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹೆಪಟೈಟಿಸ್‌ಗೂ ಇಂಟರ್‌ಫೆರಾನ್ ಬಳಕೆಗೆ ಬಂತು.

ಆನೇಕಲ್ ತಾಲ್ಲೂಕಿನವರಿಗೆ ಈ ತಂತ್ರ ದೂರದ್ದಲ್ಲ. ಇಲ್ಲಿನ ಬೊಮ್ಮಸಂದ್ರದಲ್ಲಿ ಘಟಕ ಇರುವ ಬಯೋಕಾನ್, ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನ್ ಅನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ತತ್ವ ಒಂದೇ, ಪ್ರೋಟೀನ್ ಬೇರೆ.

ಹಾಗಾದರೆ ಬೂಸ್ಟರ್ ಹೌದೇ?

ಅಲ್ಲ. ಫ್ಲೂ ಬಂದಾಗ ಆಗುವ ಚಳಿಜ್ವರ, ಮೈಕೈ ನೋವು, ಸುಸ್ತಿನಲ್ಲಿ ನಮ್ಮದೇ ಇಂಟರ್‌ಫೆರಾನ್ ಪಾತ್ರವೂ ಇದೆ. ಇಂಜೆಕ್ಷನ್ ಪಡೆದವರಲ್ಲೂ ಇವೇ ಅಡ್ಡಪರಿಣಾಮಗಳು, ಕೆಲವರಲ್ಲಿ ಖಿನ್ನತೆ ಕೂಡ. ಲೂಪಸ್‌ನಂಥ ಕಾಯಿಲೆಯಲ್ಲಿ ಇದರ ಚಟುವಟಿಕೆ ಅತಿಯಾಗಿರುತ್ತದೆ. ಆಸ್ಪತ್ರೆ ಸೇರಿದ್ದ ಕೊರೊನಾ ರೋಗಿಗಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ದೊಡ್ಡ ಪ್ರಯೋಗದಲ್ಲೂ ಇಂಟರ್‌ಫೆರಾನ್ ಸಾವು ತಗ್ಗಿಸಲಿಲ್ಲ. ಸಂಶೋಧನೆಗೆಂದು ಲ್ಯಾಬ್‌ಗಳಿಗೆ ಮಾರುವ ಇಂಟರ್‌ಫೆರಾನ್ ಅಂತೂ ಪ್ರಯೋಗಾಲಯದ ಬಳಕೆಗೆ ಮಾತ್ರ, ಮನುಷ್ಯರಿಗಲ್ಲ.

ನೆನಪಿಡಿ: ಇಂಟರ್‌ಫೆರಾನ್ ಅಪಾಯದ ಗಂಟೆ ಇದ್ದಂತೆ. ಬೇಕಾದಾಗ ಬಾರಿಸಬೇಕು, ಆಮೇಲೆ ನಿಲ್ಲಬೇಕು. ಸದಾ ಬಾರಿಸುತ್ತಿದ್ದರೆ ಅದೇ ಕಾಯಿಲೆ. ಇಮ್ಯುನಿಟಿ ಬೂಸ್ಟರ್ ಫಾರ್ವರ್ಡ್ ಮುಂದಕ್ಕೆ ಕಳಿಸುವ ಮುನ್ನ ಒಮ್ಮೆ ಯೋಚಿಸಿ.